ಮೊದಲು ಬೀಳುವುದನ್ನು ಕಲಿಯೋಣ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಸೋತರೂ ಸೋಲೊಪ್ಪದವನನ್ನು ಕುರಿತ ಗೇಲಿ ಅದು. ಆದರೆ ಬೀಳುವುದನ್ನೇ ಮೊದಲ ಪಾಠವಾಗಿ ಕಲಿಸುವ ಕಾಳಗದ ವಿದ್ಯೆಯೊಂದಿದೆ. ಅದೇ ಜಪಾನಿನ ಜೂಡೊ. ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟುಗಳಿಗೆ ಮುಂಚೆ, ಪೆಟ್ಟಾಗದಂತೆ ಬೀಳುವುದು ಹೇಗೆ ಎಂಬುದನ್ನು ಅಲ್ಲಿ ಕಲಿಯಬೇಕು. ಈ ಅಭ್ಯಾಸದ ಹೆಸರು ‘ಉಕೆಮಿ’.

ಜೂಡೊ ವಿದ್ಯೆಯನ್ನು ರೂಪಿಸಿದ ಜಿಗೊರೊ ಕಾನೊ (1860–1938) ವೃತ್ತಿಯಿಂದ ಶಿಕ್ಷಕರು. ವಿದ್ಯಾರ್ಥಿ ದೆಸೆಯಲ್ಲಿ ಕುಳ್ಳಗೆ, ಬಡಕಲಾಗಿದ್ದ ಅವರನ್ನು ಬಲಿಷ್ಠ ಹುಡುಗರು ಪೀಡಿಸುತ್ತಿದ್ದರು. ಅದಕ್ಕಾಗಿಯೇ ಅವರು ಜುಜುತ್ಸು ಎಂಬ ಹಳೆಯ ವಿದ್ಯೆ ಕಲಿತರು. ಅದರ ಅಪಾಯಕಾರಿ ಪಟ್ಟುಗಳನ್ನು ಅಭ್ಯಾಸದ ಕಾಳಗದಿಂದ ದೂರವಿರಿಸಿ, ದೇಹದ ಜೊತೆ ನಡತೆಯನ್ನೂ ತಿದ್ದುವ ಶಿಕ್ಷಣವನ್ನಾಗಿ ಮಾರ್ಪಡಿಸಿದರು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಬೆರಳೆಣಿಕೆಯ ಶಿಷ್ಯರೊಂದಿಗೆ ‘ಕೊಡೊಕಾನ್’ ಶಾಲೆ ಆರಂಭವಾಯಿತು.

ಬೀಳುವುದರಲ್ಲಿ ಕಲಿಯುವುದೇನಿದೆ ಎನ್ನುವಿರಾ? ಜೂಡೊ ಪಟು ಬೀಳುವಾಗ ಗದ್ದವನ್ನು ಎದೆಯತ್ತ ಒತ್ತಿಕೊಳ್ಳುತ್ತಾನೆ; ಹಿಂದಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನನ್ನು ಬಾಗಿಸಿ ಉರುಳುತ್ತಾನೆ. ಇಡೀ ತೋಳಿನಿಂದ ಹಾಸನ್ನು ಬಡಿಯುತ್ತಾನೆ. ಗಾಬರಿಯಿಂದ ಒಂದೇ ಅಂಗೈ ಊರಿದರೆ ಮಣಿಕಟ್ಟು ಮುರಿದೀತು. ಇದರ ಹಿಂದಿರುವುದು ಪ್ರೌಢಶಾಲೆಯ ಭೌತವಿಜ್ಞಾನವೇ. ನಿಲ್ಲಲು ತೆಗೆದುಕೊಳ್ಳುವ ಕಾಲ ಹತ್ತು ಪಟ್ಟು ಹೆಚ್ಚಿದರೆ ದೇಹಕ್ಕೆ ತಗಲುವ ಸರಾಸರಿ ಬಲ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಬಲ ಹೆಚ್ಚು ವಿಸ್ತಾರಕ್ಕೆ ಹರಡಿದರೆ ಒತ್ತಡವೂ ಕಡಿಮೆ. ಕ್ರಿಕೆಟ್ ಆಟಗಾರ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಇದೇ ಕಾರಣಕ್ಕೆ. (ಮಕ್ಕಳೇ, ಗುರುವಿಲ್ಲದೆ, ಹಾಸಿಲ್ಲದೆ ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ!)

ಈಗ ಪರೀಕ್ಷೆಯ ಫಲಿತಾಂಶದ ದಿನವನ್ನು ನೆನೆಯಿರಿ. ಮರುದಿನದ ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಎಳೆಯರ ಸಾವಿನ ಸುದ್ದಿ ಓದಿ ನಾವೆಲ್ಲ ಮರುಗಿದ್ದೇವೆ. ಓಡುವುದನ್ನು, ಗೆಲ್ಲುವುದನ್ನು ಕಲಿಸಿದ ನಾವು ಬೀಳುವುದನ್ನು ಅವರಿಗೆ ಕಲಿಸಿದೆವೇ?

ಜೂಡೊ ಪಟುವಿನ ಮೂರು ಸೂತ್ರಗಳು ಇಲ್ಲಿಯೂ ಸಲ್ಲುತ್ತವೆ. ಮೊದಲನೆಯದು, ತಲೆ ಕಾಯ್ದುಕೊಳ್ಳುವುದು. ಅಂಕ ಹೋದರೆ ಮತ್ತೆ ಬರುತ್ತದೆ, ಜೀವ ಹಾಗಲ್ಲ. ಎರಡನೆಯದು, ಪೆಟ್ಟನ್ನು ಹರಡುವುದು. ದುಃಖವನ್ನು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ನುಂಗಬೇಡಿ. ಅಮ್ಮನಿಗೆ, ಗೆಳೆಯನಿಗೆ, ಮೇಷ್ಟರಿಗೆ ಹೇಳಿ. ಮೂರನೆಯದು, ಕಾಲಾವಕಾಶ ಕೊಡುವುದು. ಫಲಿತಾಂಶದ ದಿನವೇ ಯಾವ ತೀರ್ಮಾನವೂ ಬೇಡ. ನಾಲ್ಕು ದಿನ ಕಳೆಯಲಿ. ಆಮೇಲೆ ಉತ್ತರ ಪತ್ರಿಕೆ ತರಿಸಿ ನೋಡಬಹುದು, ಮತ್ತೆ ಪರೀಕ್ಷೆಗೆ ಕೂರಬಹುದು. ಜೂಡೊ ಪಟು ಬಿದ್ದಲ್ಲೇ ಮಲಗುವುದಿಲ್ಲ. ಎದ್ದು, ಉಡುಪು ಸರಿಪಡಿಸಿಕೊಂಡು, ಮುಂದಿನ ಪಟ್ಟಿಗೆ ಅಣಿಯಾಗುತ್ತಾನೆ.

ಪಾಲಕರಿಗೂ ಇಲ್ಲೊಂದು ಪಾಠವಿದೆ. ಅಭ್ಯಾಸದ ವೇಳೆ ಜೊತೆಗಾರನನ್ನು ಒಗೆಯುವವನು ಅವನ ತೋಳಿನ ಬಟ್ಟೆಯನ್ನು ಕೊನೆಯವರೆಗೂ ಬಿಡುವುದಿಲ್ಲ. ಬೀಳುವವನು ಸುರಕ್ಷಿತವಾಗಿ ನೆಲ ಮುಟ್ಟಲೆಂದು ಮೇಲಕ್ಕೆ ಎಳೆದು ಹಿಡಿದಿರುತ್ತಾನೆ. ತನ್ನ ಜೊತೆ ಇತರರ ಏಳಿಗೆಯೂ ಆಗಬೇಕೆಂಬುದು ಕಾನೊ ಅವರ ಬೋಧನೆಯ ತಿರುಳು. ಮಗು ಬೀಳುತ್ತಿರುವಾಗ ‘ಪಕ್ಕದ ಮನೆಯವನನ್ನು ನೋಡು’ ಎನ್ನುವುದು ಹಿಡಿದ ತೋಳನ್ನು ಬಿಟ್ಟಂತೆ. ಗಾಯದ ಮೇಲೆ ಬರೆ ಬೇಡ.

ಗೆದ್ದವರಿಗೂ ನಿಯಮವುಂಟು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹಾಲೆಂಡಿನ ಆಂಟನ್ ಗೇಸಿಂಕ್, ಜಪಾನಿನ ಅಕಿಯೊ ಕಾಮಿನಾಗಾ ಅವರನ್ನು ಸೋಲಿಸಿ ಚಿನ್ನ ಗೆದ್ದರು. ಸಂಭ್ರಮದಿಂದ ಅಖಾಡಕ್ಕೆ ನುಗ್ಗಿದ ತನ್ನ ನಾಡಿನವರನ್ನು ಅವರು ಕೈಯೆತ್ತಿ ತಡೆದರು. ಸೋತವನ ಎದುರು ಕುಣಿಯುವುದು ಅವರಿಗೆ ಬೇಕಿರಲಿಲ್ಲ. ಹೆಚ್ಚು ಅಂಕ ಪಡೆದ ಮಕ್ಕಳು, ಅವರಿಗಿಂತ ಮಿಗಿಲಾಗಿ ಅವರ ತಂದೆತಾಯಂದಿರು, ಇದನ್ನು ಗಮನಿಸಬೇಕು.

ನಡೆಯುವವನು ಎಡವದೆ ಕುಳಿತವನು ಎಡವುವನೇ? ಈ ಬಾರಿ ಫಲಿತಾಂಶ ಬರುವ ಮೊದಲೇ ಮಗುವನ್ನು ಹತ್ತಿರ ಕೂರಿಸಿಕೊಂಡು, ‘ಏನೇ ಬಂದರೂ ಮೊದಲು ಮನೆಗೆ ಬಾ’ ಎಂದು ಹೇಳಿ. ಪರೀಕ್ಷೆಯ ಸಿದ್ಧತೆಯಲ್ಲಿ ಇದೂ ಒಂದು ಪಾಠವಾಗಲಿ.