ಮುಧೋಳವೋ ರಾಜಪಾಳಯವೋ

ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹೆಂಚಿನ ಮನೆಯೊಂದರ ಯಜಮಾನರು, ಹಿತ್ತಲು ವಿಶಾಲವಾಗಿರುವುದರಿಂದ ದೇಶೀಯ ಬೇಟೆನಾಯಿಯೊಂದನ್ನು ಸಾಕಬೇಕೆಂದು ನಿಶ್ಚಯಿಸಿ, ಮುಧೋಳದ ಮರಿಯನ್ನು ತರುವುದೋ ತಮಿಳುನಾಡಿನ ರಾಜಪಾಳಯದ ಮರಿಯನ್ನು ತರುವುದೋ ಎಂದು ನನ್ನನ್ನು ಕೇಳಿದರು. ಎರಡೂ ವಿರಳವಾದ ತಳಿಗಳೇ. 2005ರಲ್ಲಿ ಅಂಚೆ ಇಲಾಖೆಯು ಸ್ವದೇಶಿ ಶ್ವಾನಗಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದಾಗ ಎರಡಕ್ಕೂ ಸ್ಥಾನ ದೊರೆತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಯು ನಿಂತುಹೋಗಿದ್ದರೂ, ಬೇಟೆಗಾಗಿ ಶತಮಾನಗಳಿಂದ ರೂಪುಗೊಂಡ ಶರೀರವು ಹಾಗೆಯೇ ಉಳಿದಿದೆಯಾದುದರಿಂದ, ಆ ಶರೀರವನ್ನು ಅರಿತೇ ಆಯ್ಕೆ ಮಾಡತಕ್ಕದ್ದು.

ಮುಧೋಳದ ನಾಯಿ ನೆಲವನ್ನು ಮೂಸಿ ಜಾಡು ಹಿಡಿಯುವ ಜಾತಿಯದಲ್ಲ. ಕಣ್ಣಿನಿಂದ ಬೇಟೆಯಾಡುವ ಜಾತಿಯದು. ನೀಳವಾದ ತಲೆಬುರುಡೆಯ ಇಕ್ಕೆಲಗಳಲ್ಲಿರುವ ಕಣ್ಣುಗಳಿಂದ ಅದು ಕತ್ತನ್ನು ತಿರುಗಿಸದೆಯೇ ಬಹುದೂರದ ಚಲನೆಯನ್ನು ಗ್ರಹಿಸಬಲ್ಲುದು. ಎರಿಭೂಮಿಯ ಬಯಲಿನಲ್ಲಿ ಮೊಲವೊಂದು ಮಿಸುಕಿದರೂ ಸಾಕು. ಅದರ ಓಟವಂತೂ ನೋಡಿಯೇ ತಣಿಯಬೇಕಾದ ಸೋಜಿಗ. ಕುದುರೆಯು ನಾಗಾಲೋಟದಲ್ಲಿ ಪ್ರತಿಯೊಂದು ಸುತ್ತಿಗೆ ಒಮ್ಮೆ ಮಾತ್ರ ನಾಲ್ಕೂ ಕಾಲುಗಳನ್ನು ನೆಲದಿಂದ ಬಿಡಿಸಿಕೊಳ್ಳುವುದಾದರೆ, ಈ ನಾಯಿಯು ಎರಡು ಸಲ, ಅಂದರೆ ಬೆನ್ನೆಲುಬು ಬಿಲ್ಲಿನಂತೆ ಬಾಗಿ ಕಾಲುಗಳು ಹೊಟ್ಟೆಯಡಿ ಸೇರಿದಾಗ ಒಮ್ಮೆ, ಅದೇ ಬಿಲ್ಲು ಸೆಟೆದು ಮೈಯೆಲ್ಲ ನೀಳವಾಗಿ ಚಾಚಿದಾಗ ಮತ್ತೊಮ್ಮೆ, ಗಾಳಿಯಲ್ಲಿ ತೇಲುತ್ತದೆ. ಆಳವಾದ ಎದೆಗೂಡಿನಲ್ಲಿ ದೊಡ್ಡ ಹೃದಯಕ್ಕೂ ಶ್ವಾಸಕೋಶಗಳಿಗೂ ಎಡೆಯಿದೆ. ಸೊಂಟವು ಕೃಶವಾಗಿರುವುದರಿಂದ ಹಿಂಗಾಲುಗಳು ಮುಂದಕ್ಕೆ ಸಾಗಲು ಅಡ್ಡಿಯಿಲ್ಲ. ಪಕ್ಕೆಲುಬುಗಳು ಕಾಣುತ್ತವೆಂದು ಮರುಗಿ ತುಪ್ಪ ತಿನ್ನಿಸುವವರು ಈ ಪ್ರಾಣಿಗೆ ಮಾಡುವುದು ಅಪಕಾರವೇ.

ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿಯೂ ಕೊಟ್ಟಿದ್ದರು. ಈಗ ಮುಧೋಳದ ಸಮೀಪದ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ಆ ಕೆಲಸವನ್ನು ಮುಂದುವರಿಸುತ್ತಿದೆ.

ಮೇದಸ್ಸು ಅಲ್ಪವಾಗಿರುವ ಈ ದೇಹಕ್ಕೆ ಕೆಲವು ಕಷ್ಟಗಳೂ ಉಂಟು. ಬರಿಯ ಸಿಮೆಂಟ್ ನೆಲದ ಮೇಲೆ ಮಲಗಿದರೆ ಮೊಣಕೈಗಳು ಜಡ್ಡುಗಟ್ಟುತ್ತವೆ. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಅದಕ್ಕೆ ಬೆಚ್ಚನೆಯ ಗೋಣಿತಟ್ಟು ಬೇಕು. ಇದರ ದೂರದ ಬಂಧುವಾದ ಗ್ರೇಹೌಂಡ್‌ನಲ್ಲಿ ಕೆಲವು ಅರಿವಳಿಕೆ ಔಷಧಗಳ ಪ್ರಭಾವವು ಬೇಗ ಇಳಿಯುವುದಿಲ್ಲವೆಂಬುದು ಪಶುವೈದ್ಯರಿಗೆ ತಿಳಿದ ಸಂಗತಿಯಾದುದರಿಂದ, ಶಸ್ತ್ರಚಿಕಿತ್ಸೆಯ ಮುನ್ನ ತಳಿಯನ್ನು ವೈದ್ಯರಿಗೆ ಹೇಳುವುದು ಲೇಸು.

ಇನ್ನು ರಾಜಪಾಳಯದ ನಾಯಿ. ಕಾಡುಹಂದಿಯ ಬೇಟೆಗೂ ಹೊಲಮನೆಗಳ ಕಾವಲಿಗೂ ಬೆಳೆಸಿದ ಇದು ಎಲುಬಿನಲ್ಲಿ ದಪ್ಪ, ಮೈಯಲ್ಲಿ ಅಚ್ಚಬಿಳುಪು, ಮೂಗಿನಲ್ಲಿ ನಸುಗೆಂಪು. ಜನರು ಮೆಚ್ಚುವ ಆ ಬಿಳುಪಿನಲ್ಲಿಯೇ ಅಪಾಯವೂ ಅಡಗಿದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಳಗಿವಿಯಲ್ಲಿಯೂ ಇದ್ದು, ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಬದುಕಿರಲು ಅಗತ್ಯವಾದ ದ್ರವದ ಸಮತೋಲವನ್ನು ಕಾಯುತ್ತವೆ. ಅವು ಅಲ್ಲಿಗೆ ತಲುಪದೆ ಹೋದರೆ ಮರಿಯು ಹುಟ್ಟಿದ ಕೆಲವೇ ವಾರಗಳಲ್ಲಿ ಕಿವುಡಾಗುತ್ತದೆ. ಒಂದೇ ಕಿವಿ ಕಿವುಡಾದ ಮರಿಯನ್ನು ಗುರುತಿಸುವುದು ಕಠಿಣ. ಮಲಗಿರುವಾಗ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡದೆ, ಒಡಹುಟ್ಟಿದ ಮರಿಗಳ ಗುಂಪಿನಿಂದ ಬೇರ್ಪಡಿಸಿ ಪರೀಕ್ಷಿಸದೆ, ರಾಜಪಾಳಯದ ಮರಿಯನ್ನು ಯಾರೂ ಮನೆಗೆ ತರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಮುಧೋಳವನ್ನೇ ಸೂಚಿಸಿದೆ. ಆದರೆ ಬೆಕ್ಕೊಂದು ಕಣ್ಣಿಗೆ ಬಿದ್ದು ಓಟ ಹೂಡಿತೆಂದರೆ ಒಡೆಯನ ಕೂಗು ಅದರ ಕಿವಿಗೆ ತಾಗದು; ಮನೆಯ ಮುಂದೆಯೋ ದಿನವಿಡೀ ವಾಹನಗಳ ಸಂಚಾರ. ಇದನ್ನು ಕೇಳಿದ ಯಜಮಾನರು ಹಿತ್ತಲಿನ ಮೋಟುಗೋಡೆಯನ್ನು ಆಳೆತ್ತರಕ್ಕೆ ಏರಿಸಲು ಗೌಂಡಿಯನ್ನು ಕರೆಸಿದ್ದಾರೆ. ಆ ಕೆಲಸ ಮುಗಿದ ಮೇಲೆ ಸವದತ್ತಿ, ಲೋಕಾಪುರಗಳ ಮಾರ್ಗವಾಗಿ ತಿಮ್ಮಾಪುರಕ್ಕೆ ಹೋಗುವುದೆಂದು ನಿಶ್ಚಯವಾಗಿದೆ.