ವಶೀಲಿ ಇದ್ರೆ ಹೇಳಿ ಸ್ವಾಮಿ! - ಅಮೆರಿಕದ ಮೊದಲ ಅಧ್ಯಕ್ಷರುಗಳಿಗೆ ಬಂದ ಪತ್ರಗಳ ಕಥೆ

ಪ್ಲೇಸ್‌ಮೆಂಟ್ ಸೀಸನ್ ಶುರುವಾಯಿತೆಂದರೆ ನಮ್ಮೆಲ್ಲರ ಫೋನಿನಲ್ಲೂ ಒಂದೇ ಥರದ ಮೆಸೇಜು: "ಅಣ್ಣಾ, ನಿಮ್ಮ ಕಂಪನೀಲಿ ಓಪನಿಂಗ್ ಇದ್ರೆ ರೆಫರ್ ಮಾಡ್ತೀರಾ?" ಕಳಿಸುವ ಮುಂಚೆ ನಾಲ್ಕು ಸಲ ಅಳಿಸಿ ಬರೀತೀವಿ. ತೀರಾ ಗೋಗರೆದ ಹಾಗೆ ಇರಬಾರದು, ಹಾಗಂತ ಜಂಬವೂ ಕಾಣಬಾರದು. ಆಮೇಲೆ ಬ್ಲೂ ಟಿಕ್ ಬಂದರೂ ಉತ್ತರ ಬಾರದಿದ್ದಾಗ ಆಗುವ ಸಂಕಟ ಬೇರೆ.

ಇದೇ ಸಂಕಟವನ್ನು ಸುಮಾರು 235 ವರ್ಷಗಳ ಹಿಂದೆ ಒಂದು ಹೊಸ ದೇಶದ ಜನ ಅನುಭವಿಸಿದ್ದರು. ಅವರು ಮೆಸೇಜು ಕಳಿಸುತ್ತಿದ್ದದ್ದು ಸೀನಿಯರ್‌ಗಲ್ಲ, ನೇರವಾಗಿ ದೇಶದ ಅಧ್ಯಕ್ಷರಿಗೆ. ಆ ಪತ್ರಗಳಲ್ಲಿ ಬಹಳಷ್ಟು ಇವತ್ತಿಗೂ ಉಳಿದಿವೆ. ಅವನ್ನು ಹಿಡಿದು ಹೊರಟರೆ ಶಿಫಾರಸು ಅನ್ನೋದು ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆ ಹಾಳು ಅನ್ನೋ ಪ್ರಶ್ನೆಗೆ ಒಂದಿಷ್ಟು ಬೆಳಕು ಸಿಗುತ್ತದೆ.

ಪರೀಕ್ಷೆ ಇಲ್ಲ, ಪತ್ರವೇ ಎಲ್ಲ

1789ರ ಏಪ್ರಿಲ್ 30ರಂದು ನ್ಯೂಯಾರ್ಕ್ ನಗರದಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡರು. ಸರ್ಕಾರ ಹೊಸದು, ಖಜಾನೆ ಖಾಲಿ. ದುಡ್ಡು ಬರಬೇಕಾದ್ದು ಮುಖ್ಯವಾಗಿ ಬಂದರುಗಳಲ್ಲಿ ವಸೂಲಾಗುವ ಆಮದು ಸುಂಕದಿಂದ. ಹಾಗಾಗಿ ಪ್ರತಿ ಬಂದರಿಗೂ ಸುಂಕದ ಅಧಿಕಾರಿ ಬೇಕು. ಜೊತೆಗೆ ನ್ಯಾಯಾಧೀಶರು, ಸರ್ಕಾರಿ ವಕೀಲರು.

ಸುಂಕದ ಅಧಿಕಾರಿಯ ಕೆಲಸಕ್ಕೆ ಎಲ್ಲರ ಕಣ್ಣು. ಯಾಕಂದ್ರೆ ಆ ಅಧಿಕಾರಿಯ ಆದಾಯ ಬರುತ್ತಿದ್ದದ್ದು ಹಡಗುಗಳ ಕಾಗದಪತ್ರದ ಶುಲ್ಕ, ವಸೂಲಾದ ಸುಂಕದಲ್ಲಿ ಒಂದಂಶ - ಇಂಥವುಗಳಿಂದ. ಬಂದರು ದೊಡ್ಡದಾದಷ್ಟೂ ಜೇಬೂ ದೊಡ್ಡದು.

ಇದಕ್ಕೆಲ್ಲ ಜನರನ್ನು ಆರಿಸೋದು ಹೇಗೆ? ಪ್ರವೇಶ ಪರೀಕ್ಷೆ ಇಲ್ಲ, ಕಟ್‌ಆಫ್ ಇಲ್ಲ, ಇಂಟರ್‌ವ್ಯೂ ಪ್ಯಾನೆಲ್ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು, ಅಷ್ಟೇ. ನೂರಾರು ಮೈಲಿ ದೂರದ ಊರಿನ ಮನುಷ್ಯ ಪ್ರಾಮಾಣಿಕನೋ ಅಲ್ಲವೋ ಅಂತ ಅಧ್ಯಕ್ಷರಿಗೆ ಗೊತ್ತಾಗಬೇಕಾದರೆ ಇದ್ದ ದಾರಿ ಪತ್ರ. ಹಾಗಾಗಿ ಪತ್ರಗಳ ಮಳೆಯೇ ಸುರಿಯಿತು.

ಆ ಪತ್ರಗಳಿಗೆ ಒಂದು ಅಚ್ಚು ಇತ್ತು ಅಂತಲೇ ಹೇಳಬಹುದು. ಮೊದಲು, ಸ್ವಾತಂತ್ರ್ಯ ಯುದ್ಧದಲ್ಲಿ ತಾನು ಮಾಡಿದ ಸೇವೆ. ಆಮೇಲೆ, ಯುದ್ಧದಿಂದ ಮನೆಗಾದ ನಷ್ಟ, ಸಾಲ, ದೊಡ್ಡ ಸಂಸಾರ. ಕೊನೆಗೆ, ತನ್ನ ಬಗ್ಗೆ ಹೇಳಬಲ್ಲ ಗಣ್ಯರ ಹೆಸರುಗಳು. ಕುದುರುವ ಹಾಗಿದ್ದರೆ ತಾನು ಬರೆಯುವ ಬದಲು ಗೆಳೆಯನ ಕೈಲಿ ಬರೆಸೋದು ಇನ್ನೂ ಮೇಲು. ತನ್ನನ್ನು ತಾನೇ ಹೊಗಳಿಕೊಂಡರೆ ಮರ್ಯಾದೆ ಕಡಿಮೆ ನೋಡಿ!

ಅಂಚೆಯ ಲೆಕ್ಕವೂ ಇಲ್ಲಿ ಮುಖ್ಯ. 1792ರ ಅಂಚೆ ಕಾಯ್ದೆ ಪ್ರಕಾರ ಒಂದು ಹಾಳೆಯ ಪತ್ರ 30 ಮೈಲಿಯೊಳಗೆ ಹೋಗಬೇಕಾದರೆ 6 ಸೆಂಟ್, 450 ಮೈಲಿ ದಾಟಿದರೆ 25 ಸೆಂಟ್. ಆಗ ಅದು ಸಣ್ಣ ದುಡ್ಡಲ್ಲ. ಆದರೆ ಅಧ್ಯಕ್ಷರಿಗೆ ಬರುವ, ಅಧ್ಯಕ್ಷರು ಕಳಿಸುವ ಪತ್ರಗಳಿಗೆ ಅಂಚೆ ವೆಚ್ಚವೇ ಇಲ್ಲ. ಸೋದರಮಾವನಿಗೆ ಬರೆದರೆ ಖರ್ಚು, ಅಧ್ಯಕ್ಷರಿಗೆ ಬರೆದರೆ ಫ್ರೀ. ಇನ್ನೇನು ಬೇಕು?

ಸ್ವಂತ ತಮ್ಮನ ಮಗನಿಗೂ "ಇಲ್ಲ"

ಆ ರಾಶಿಯಲ್ಲಿ ಒಂದು ಪತ್ರ ಮನೆಯಿಂದಲೇ ಬಂತು. ವಾಷಿಂಗ್ಟನ್ ಅವರ ಸೋದರನ ಮಗ ಬುಶ್‌ರಾಡ್ ವಾಷಿಂಗ್ಟನ್ ಇನ್ನೂ ಇಪ್ಪತ್ತೇಳರ ವಕೀಲ. ವರ್ಜೀನಿಯಾದ ಸರ್ಕಾರಿ ವಕೀಲರ ಹುದ್ದೆ ತನಗೆ ಸಿಗಬಹುದಾ ಅಂತ ಕೇಳಿದರು.

1789ರ ಜುಲೈ 27ರಂದು ವಾಷಿಂಗ್ಟನ್ ಉತ್ತರ ಬರೆದರು. ಅದರ ಸಾರ ಇಷ್ಟು: ನಿನ್ನ ಬಗ್ಗೆ ನನಗೆ ಪ್ರೀತಿ ಇದೆ, ಯೋಗ್ಯತೆಯೂ ಇರಬಹುದು. ಆದರೆ ಆ ರಾಜ್ಯದ ಹಿರಿಯ, ಹೆಸರಾಂತ ವಕೀಲರನ್ನು ಬಿಟ್ಟು ನಿನ್ನನ್ನು ಹಾಕಿದರೆ ಅದನ್ನು ಸಮರ್ಥಿಸೋಕಾಗಲ್ಲ. ಗ್ರೀಕ್ ಪುರಾಣದ ನೂರು ಕಣ್ಣಿನ ಆರ್ಗಸ್ ನೋಡುವ ಹಾಗೆ ಜನ ನನ್ನನ್ನು ನೋಡುತ್ತಿದ್ದಾರೆ, ಬಂಧುಪ್ರೇಮದ ಒಂದು ತಪ್ಪೂ ಅವರ ಕಣ್ಣು ತಪ್ಪಿಸಲ್ಲ.

ವಾಷಿಂಗ್ಟನ್ ಪ್ರತಿ ಪತ್ರಕ್ಕೂ ಹೆಚ್ಚುಕಮ್ಮಿ ಇದೇ ನಿಲುವು ಇಟ್ಟುಕೊಂಡರು: ಮೊದಲೇ ಯಾರಿಗೂ ಮಾತು ಕೊಡಲ್ಲ. ಬುಶ್‌ರಾಡ್ ಕೊನೆಗೆ 1798ರಲ್ಲಿ, ದೊಡ್ಡಪ್ಪ ಅಧಿಕಾರ ಬಿಟ್ಟ ಮೇಲೆ, ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಕೈಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾದರು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೇ ನೀತಿಕಥೆ. ಆದರೆ ಅದೇ ವರ್ಷ ಇನ್ನೊಂದು ಪತ್ರವೂ ವಾಷಿಂಗ್ಟನ್ ಮೇಜಿಗೆ ಬಂದಿತ್ತು.

200 ಸಹಿ ಇದ್ದರೂ ಸಾಲದಾಯಿತು

ಬಾಲ್ಟಿಮೋರ್ ಊರಿನ ಪೋಸ್ಟ್‌ಮಾಸ್ಟರ್ ಮೇರಿ ಕ್ಯಾಥರೀನ್ ಗಾಡರ್ಡ್. 1775ರಿಂದ ಆ ಅಂಚೆ ಕಚೇರಿ ನಡೆಸಿದವರು. ಮುದ್ರಕಿ ಕೂಡ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಹೆಸರುಗಳ ಸಮೇತ ಮೊದಲು ಅಚ್ಚಾದ ಪ್ರತಿ ಹೊರಬಂದದ್ದು 1777ರ ಜನವರಿಯಲ್ಲಿ, ಅವರ ಮುದ್ರಣಾಲಯದಿಂದ. ಆ ಹೆಸರುಗಳನ್ನು ಅಚ್ಚು ಹಾಕೋದು ಅಂದರೆ ಬ್ರಿಟಿಷರ ಕಣ್ಣಲ್ಲಿ ರಾಜದ್ರೋಹ. ಹಾಳೆಯ ಕೆಳಗೆ ಮುದ್ರಕಿಯಾಗಿ ತಮ್ಮ ಹೆಸರನ್ನೂ ಹಾಕಿದರು. ಯುದ್ಧದ ಕಾಲದಲ್ಲಿ ಅಂಚೆ ಸವಾರರಿಗೆ ಸ್ವಂತ ದುಡ್ಡು ಕೊಟ್ಟು ಟಪಾಲು ನಿಲ್ಲದ ಹಾಗೆ ನೋಡಿಕೊಂಡವರು.

1789ರ ಕೊನೆಯಲ್ಲಿ ಹೊಸ ಪೋಸ್ಟ್‌ಮಾಸ್ಟರ್ ಜನರಲ್ ಸ್ಯಾಮ್ಯುಯೆಲ್ ಆಸ್‌ಗುಡ್ ಅವರ ಕಾಲದಲ್ಲಿ ಗಾಡರ್ಡ್ ಅವರನ್ನು ತೆಗೆದು ಜಾನ್ ವೈಟ್ ಎಂಬುವರನ್ನು ಕೂರಿಸಿದರು. ಕೊಟ್ಟ ಕಾರಣ: ಈ ಕೆಲಸದಲ್ಲಿ ಇನ್ನುಮುಂದೆ ಓಡಾಟ ಜಾಸ್ತಿ, ಹೆಂಗಸಿಗೆ ಆಗಲ್ಲ. ಬಾಲ್ಟಿಮೋರಿನ 200ಕ್ಕೂ ಹೆಚ್ಚು ಜನ ಗಾಡರ್ಡ್ ಪರವಾಗಿ ಸಹಿ ಹಾಕಿದರು. ಅವರೇ ವಾಷಿಂಗ್ಟನ್‌ಗೆ ಬರೆದರು. 1790ರ ಜನವರಿ ಮೊದಲ ವಾರದಲ್ಲಿ ಉತ್ತರ ಬಂತು: ನನ್ನ ಕೈಯಿಂದಲೇ ಆಗಬೇಕಾದ ನೇಮಕಗಳನ್ನು ಬಿಟ್ಟು ಬೇರೆಯವುಗಳಲ್ಲಿ ನಾನು ತಲೆ ಹಾಕಲ್ಲ. ಸೆನೆಟ್‌ಗೂ ಮನವಿ ಹೋಯಿತು. ಕೆಲಸ ವಾಪಸ್ ಸಿಗಲಿಲ್ಲ.

ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ನಿಯಮಬದ್ಧವೇ. ತಮ್ಮನ ಮಗನಿಗೆ "ಇಲ್ಲ" ಅಂದದ್ದು ನ್ಯಾಯ ಅನ್ನಿಸುತ್ತೆ. ಹದಿನಾಲ್ಕು ವರ್ಷ ದುಡಿದವರಿಗೆ "ಇಲ್ಲ" ಅಂದದ್ದು? ಊರೆಲ್ಲ ಸೇರಿ ಈಕೆ ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಬರೆದುಕೊಟ್ಟರೂ ಆ ಮಾಹಿತಿಗೆ ಬೆಲೆ ಬರಲಿಲ್ಲ. ವಶೀಲಿಯನ್ನು ತಡೆಯೋದು ಒಂದು, ಯೋಗ್ಯತೆಯನ್ನು ಗುರುತಿಸೋದು ಇನ್ನೊಂದು. ಮೊದಲನೆಯದು ಮಾಡಿದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗಲ್ಲ.

ಮೇಜಿನ ಮೇಲೆ ಉಳಿದ ಲಕೋಟೆಗಳು

1800ರ ಚುನಾವಣೆಯಲ್ಲಿ ಆಡಮ್ಸ್ ಸೋತು, ಥಾಮಸ್ ಜೆಫರ್ಸನ್ ಗೆದ್ದರು. ಆ ಹೊತ್ತಿಗೆ ಎರಡು ಪಕ್ಷಗಳು ಹುಟ್ಟಿದ್ದವು: ಆಡಮ್ಸ್ ಅವರ ಫೆಡರಲಿಸ್ಟರು, ಜೆಫರ್ಸನ್ ಅವರ ರಿಪಬ್ಲಿಕನ್ನರು. ಕುರ್ಚಿ ಬಿಡುವ ಮುಂಚೆ ಆಡಮ್ಸ್ ತಮ್ಮ ಕಡೆಯವರನ್ನು ಸಾಲಾಗಿ ನೇಮಿಸಿದರು. ರಾಜಧಾನಿ ಪ್ರದೇಶಕ್ಕೇ 42 ಜನ ಕೆಳಹಂತದ ನ್ಯಾಯಾಧೀಶರು. 1801ರ ಮಾರ್ಚ್ 3ರ ರಾತ್ರಿಯವರೆಗೂ ಸಹಿ ನಡೆದಿತ್ತು. ಅದಕ್ಕೇ ಇವಕ್ಕೆ ನಡುರಾತ್ರಿ ನೇಮಕಗಳು ಅಂತ ಹೆಸರು ಬಿತ್ತು.

ಸಹಿ ಆಯಿತು, ಮೊಹರು ಬಿತ್ತು. ಆದರೆ ಕೆಲವು ನೇಮಕಪತ್ರಗಳನ್ನು ತಲುಪಿಸಲು ಟೈಮ್ ಸಾಲಲಿಲ್ಲ. ಮಾರನೇ ದಿನ ಅಧಿಕಾರಕ್ಕೆ ಬಂದ ಜೆಫರ್ಸನ್ ಕಣ್ಣಿಗೆ ಅವು ಬಿದ್ದವು. ಕೊಡಬೇಡಿ ಅಂದರು. ವಿಲಿಯಂ ಮಾರ್ಬರಿ ಮತ್ತು ಇನ್ನು ಮೂವರು ಕೋರ್ಟಿಗೆ ಹೋದರು.

ತಮಾಷೆ ನೋಡಿ: ಆ ಪತ್ರಗಳನ್ನು ತಲುಪಿಸದೇ ಬಿಟ್ಟ ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲ್, ಕೇಸ್ ಕೇಳಿದ ಮುಖ್ಯ ನ್ಯಾಯಮೂರ್ತಿಯೂ ಅವರೇ! 1803ರ ಫೆಬ್ರವರಿ 24ರ ತೀರ್ಪಿನಲ್ಲಿ ಅವರು ಹೇಳಿದ್ದು: ಮಾರ್ಬರಿಗೆ ಆ ಹುದ್ದೆಯ ಹಕ್ಕು ಇದೆ. ಆದರೆ ಇಂಥ ಆಜ್ಞೆ ನೇರವಾಗಿ ಕೊಡುವ ಅಧಿಕಾರವನ್ನು ನಮಗೆ ಕೊಟ್ಟಿರುವ ಕಾನೂನೇ ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ಅದು ಊರ್ಜಿತವಲ್ಲ. ಮಾರ್ಬರಿಗೆ ಕೆಲಸ ಸಿಗಲಿಲ್ಲ. ಆದರೆ ಸಂಸತ್ತು ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಬಹುದು ಅನ್ನೋ ತತ್ವ ಅಲ್ಲಿ ಗಟ್ಟಿಯಾಯಿತು. ಅಷ್ಟು ದೊಡ್ಡ ತತ್ವದ ಬುಡದಲ್ಲಿ ಇದ್ದದ್ದು ಡೆಲಿವರಿ ಆಗದ ಒಂದಿಷ್ಟು ಕಾಗದ.

ಜೆಫರ್ಸನ್ ತಾವೂ ಹಿಂದೆ ಬೀಳಲಿಲ್ಲ. ನ್ಯೂ ಹೇವನ್ ಬಂದರಿನಲ್ಲಿ ಆಡಮ್ಸ್ ಕೊನೇ ಗಳಿಗೆಯಲ್ಲಿ ನೇಮಿಸಿದ್ದ ಎಲಿಜರ್ ಗುಡ್‌ರಿಚ್ ಅವರನ್ನು ತೆಗೆದು 77 ವರ್ಷದ ಸ್ಯಾಮ್ಯುಯೆಲ್ ಬಿಷಪ್ ಅವರನ್ನು ಹಾಕಿದರು. ಅವರ ಮಗ ಅಬ್ರಹಾಂ ಜೆಫರ್ಸನ್ ಪಕ್ಷದ ಜೋರು ಪ್ರಚಾರಕ. ಊರಿನ ವರ್ತಕರು ಸಿಟ್ಟಿನಿಂದ ಮನವಿ ಬರೆದರು. 1801ರ ಜುಲೈ 12ರ ಉತ್ತರದಲ್ಲಿ ಜೆಫರ್ಸನ್ ಕೇಳಿದ್ದು: ಎಲ್ಲ ಹುದ್ದೆಗಳೂ ಒಂದೇ ಪಕ್ಷದ ಕೈಲಿದ್ದರೆ ಜಾಗ ಖಾಲಿ ಆಗೋದು ಹೇಗೆ? ಸಾಯುವವರು ಕಡಿಮೆ, ರಾಜೀನಾಮೆ ಕೊಡುವವರು ಯಾರೂ ಇಲ್ಲ. ಸಮತೋಲನ ಬಂದ ಮೇಲೆ ಪ್ರಾಮಾಣಿಕತೆ, ಸಾಮರ್ಥ್ಯ, ಸಂವಿಧಾನನಿಷ್ಠೆ ಇಷ್ಟನ್ನೇ ನೋಡೋಣ ಅಂದರು. ವಾದವೇನೋ ಗಟ್ಟಿ. ಆದರೆ 1803ರಲ್ಲಿ ಹಿರಿಯ ಬಿಷಪ್ ತೀರಿಕೊಂಡಾಗ ಆ ಕುರ್ಚಿಗೆ ಬಂದದ್ದು ಮಗ ಅಬ್ರಹಾಂ.

ಏಳು ಪತ್ರ, ಒಂದು ಹಳೇ ಗಾಯ

ಈ ರಾಜಕೀಯ ಮನೆಗಳ ಒಳಗೂ ಹೊಕ್ಕಿತು. ಜೆಫರ್ಸನ್ ಮತ್ತು ಆಡಮ್ಸ್ ದಂಪತಿ ಒಂದು ಕಾಲದಲ್ಲಿ ಆಪ್ತರು. 1787ರಲ್ಲಿ ಜೆಫರ್ಸನ್ ಅವರ ಪುಟ್ಟ ಮಗಳು ಸಮುದ್ರ ದಾಟಿ ಲಂಡನ್ನಿಗೆ ಬಂದಾಗ ಅವಳನ್ನು ಕೆಲವು ವಾರ ನೋಡಿಕೊಂಡವರು ಅಬಿಗೇಲ್ ಆಡಮ್ಸ್. ಆ ಮಗಳು ಮರಿಯಾ 1804ರ ಏಪ್ರಿಲ್‌ನಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ತೀರಿಕೊಂಡಳು. ಸುದ್ದಿ ಕೇಳಿ ತಡೆಯಲಾರದೆ ಅಬಿಗೇಲ್ ಸಾಂತ್ವನದ ಪತ್ರ ಬರೆದರು.

ಜೆಫರ್ಸನ್ ಕೃತಜ್ಞತೆಯಿಂದಲೇ ಉತ್ತರಿಸಿದರು. ಆದರೆ ಜೊತೆಗೆ ಒಂದು ಮಾತು ಸೇರಿಸಿದರು: ಆಡಮ್ಸ್ ಮಾಡಿದ್ದರಲ್ಲಿ ನನಗೆ ವೈಯಕ್ತಿಕವಾಗಿ ನೋವಾದದ್ದು ಒಂದೇ, ಆ ಕೊನೇ ಗಳಿಗೆಯ ನೇಮಕಗಳು. ಅಷ್ಟೇ ಸಾಕಾಯಿತು. ಅಬಿಗೇಲ್ ಬಿಡುವವರಲ್ಲ. ಅಧ್ಯಕ್ಷರಿಗೆ ಆ ಅಧಿಕಾರ ಇತ್ತು ಅಂತ ವಾದಿಸಿದರು. ನನ್ನ ಗಂಡನನ್ನು ಬೈದು ಬರೆಯುತ್ತಿದ್ದ ಪತ್ರಕರ್ತ ಕ್ಯಾಲೆಂಡರ್‌ಗೆ ನೀವು ದುಡ್ಡು ಕೊಟ್ಟಿರಲ್ಲ ಅಂತ ಕೇಳಿದರು. ಆಮೇಲೆ ನಿಜವಾದ ಗಾಯ ಹೊರಬಂತು: ತಮ್ಮ ಮಗ ಜಾನ್ ಕ್ವಿನ್ಸಿಗೆ ಇದ್ದ ಸಣ್ಣದೊಂದು ದಿವಾಳಿ ಆಯುಕ್ತರ ಕೆಲಸ ಜೆಫರ್ಸನ್ ಕಾಲದಲ್ಲಿ ಹೋಗಿತ್ತು. ಕಾನೂನು ಬದಲಾಗಿ ಆ ನೇಮಕ ಅಧ್ಯಕ್ಷರ ಕೈಗೆ ಬಂದಿತ್ತು, ಮೊದಲು ಆ ಜಾಗದಲ್ಲಿ ನಿಮ್ಮ ಮಗ ಇದ್ದದ್ದೇ ನನಗೆ ಗೊತ್ತಿರಲಿಲ್ಲ ಅಂದರು ಜೆಫರ್ಸನ್.

ಒಟ್ಟು ಏಳು ಪತ್ರ. ಅಕ್ಟೋಬರ್‌ಗೆ ನಿಂತುಹೋಯಿತು. ನವೆಂಬರ್‌ನಲ್ಲಿ ಇವನ್ನೆಲ್ಲ ಓದಿದ ಜಾನ್ ಆಡಮ್ಸ್, ಇದು ನನಗೆ ತಿಳಿಯದೆ ನಡೆದದ್ದು, ನಾನು ಹೇಳೋದೇನೂ ಇಲ್ಲ ಅಂತ ಒಂದು ಟಿಪ್ಪಣಿ ಬರೆದಿಟ್ಟರು. ಮತ್ತೆ ಇಬ್ಬರು ಮುದುಕರು ಪತ್ರ ಶುರು ಮಾಡಿದ್ದು 1812ರ ಹೊಸ ವರ್ಷದ ದಿನ, ಸ್ನೇಹಿತ ಬೆಂಜಮಿನ್ ರಶ್ ಅವರ ಒತ್ತಾಯದಿಂದ. ಆ ಪತ್ರಗಳಲ್ಲಿ ಕೆಲಸ ಕೇಳೋದು, ಕೊಡೋದು ಎರಡೂ ಇಲ್ಲ. ಬಹುಶಃ ಅದಕ್ಕೇ ಅವು ಅಷ್ಟು ಚೆನ್ನಾಗಿವೆ.

ಇಷ್ಟು ವಿವರ ನಮಗೆ ಸಿಗೋಕೆ ಒಂದು ಎಂಜಿನಿಯರಿಂಗ್ ಕಾರಣವೂ ಇದೆ. ಉಗಿಯಂತ್ರದ ಜೇಮ್ಸ್ ವಾಟ್ 1780ರಲ್ಲಿ ನಕಲು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ವಿಶೇಷ ಶಾಯಿಯಲ್ಲಿ ಬರೆದ ಪತ್ರದ ಮೇಲೆ ಒದ್ದೆ ತೆಳುಕಾಗದ ಇಟ್ಟು ಒತ್ತಿದರೆ ಶಾಯಿ ಹಿಡಿದುಕೊಳ್ಳುತ್ತೆ. ಅಕ್ಷರ ಉಲ್ಟಾ ಬಂದರೂ ಕಾಗದ ತೆಳುವಾದ್ದರಿಂದ ಹಿಂದಿನಿಂದ ಓದಬಹುದು. ಜೆಫರ್ಸನ್ ಇದನ್ನು ಬಳಸಿದರು. 1804ರಿಂದ ಪಾಲಿಗ್ರಾಫ್‌ಗೆ ಬದಲಾದರು: ಒಂದು ಪೆನ್ನು ಹಿಡಿದು ಬರೆದರೆ ಸರಳುಗಳ ಜೋಡಣೆಯಿಂದ ಎರಡನೇ ಪೆನ್ನು ಅದನ್ನೇ ಪಕ್ಕದ ಹಾಳೆಯಲ್ಲಿ ಬರೆಯುತ್ತೆ. ಅವರ 'ಸೆಂಟ್ ಫೋಲ್ಡರ್' ಅದೇ.

ಸಾಲ ತೀರಿಸುವ ಕೆಲಸ

1829ರಲ್ಲಿ ಆಂಡ್ರ್ಯೂ ಜಾಕ್ಸನ್ ಬಂದ ಮೇಲೆ ಸಂಕೋಚವೂ ಹೋಯಿತು. ಗೆದ್ದವರಿಗೇ ಕೊಳ್ಳೆ ಅನ್ನೋ ಅರ್ಥದ ಮಾತನ್ನು 1832ರಲ್ಲಿ ಸೆನೆಟರ್ ವಿಲಿಯಂ ಮಾರ್ಸಿ ಸದನದಲ್ಲೇ ಆಡಿದರು. ಜಾಕ್ಸನ್ ತಮ್ಮ ಬೆಂಬಲಿಗ ಸ್ಯಾಮ್ಯುಯೆಲ್ ಸ್ವಾರ್ಟ್‌ವೌಟ್‌ಗೆ ನ್ಯೂಯಾರ್ಕ್ ಬಂದರಿನ ಸುಂಕದ ಹುದ್ದೆ ಕೊಟ್ಟರು. 1838ರಲ್ಲಿ ಅವನು ಯುರೋಪಿಗೆ ಹೋದ. ಲೆಕ್ಕ ನೋಡಿದರೆ 12 ಲಕ್ಷ ಡಾಲರ್‌ಗೂ ಹೆಚ್ಚು ನಾಪತ್ತೆ.

ಕೊನೆಗೆ ರಕ್ತವೂ ಹರಿಯಿತು. ಚಾರ್ಲ್ಸ್ ಗಿಟೋ ಎಂಬಾತ ಪ್ಯಾರಿಸ್‌ನ ಕಾನ್ಸುಲ್ ಹುದ್ದೆ ಬೇಕು ಅಂತ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ಗೆ ಮೇಲಿಂದ ಮೇಲೆ ಪತ್ರ ಬರೆದ. ಸಿಗಲಿಲ್ಲ. 1881ರ ಜುಲೈ 2ರಂದು ಗುಂಡು ಹಾರಿಸಿದ. ಗಾರ್‌ಫೀಲ್ಡ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1883ರ ಜನವರಿಯಲ್ಲಿ ಬಂದ ಪೆಂಡಲ್‌ಟನ್ ಕಾಯ್ದೆ ಕೆಲವು ಸರ್ಕಾರಿ ಕೆಲಸಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ತಂದಿತು. ಅದರ ಕರಡು ಬರೆದ ಡಾರ್ಮನ್ ಈಟನ್ ಅಧ್ಯಯನ ಮಾಡಿದ್ದು ಬ್ರಿಟನ್ನಿನ ಪದ್ಧತಿಯನ್ನು. ಬ್ರಿಟಿಷರು ಅಂಥ ಪರೀಕ್ಷೆಯನ್ನು ಮೊದಮೊದಲು ನಡೆಸಿದ್ದು 1855ರಲ್ಲಿ, ಭಾರತದ ಸಿವಿಲ್ ಸರ್ವಿಸ್‌ಗೆ ಜನರನ್ನು ಆರಿಸಲು!

ಹಾಗಾದರೆ ರೆಫರಲ್ ಕೇಳೋದೇ ತಪ್ಪಾ? ನಮಗೆ ಹಾಗನ್ನಿಸಲ್ಲ. ಪ್ರತಿ ಶಿಫಾರಸಿನಲ್ಲೂ ಎರಡು ವಸ್ತು ಇರುತ್ತೆ: ಒಂದು ಮಾಹಿತಿ, ಇನ್ನೊಂದು ಋಣ. "ಇವನ ಜೊತೆ ಪ್ರಾಜೆಕ್ಟ್ ಮಾಡಿದ್ದೀನಿ, ಕೋಡ್ ಅಚ್ಚುಕಟ್ಟು, ಡೆಡ್‌ಲೈನ್ ತಪ್ಪಿಸಲ್ಲ" ಅನ್ನೋದು ಮಾಹಿತಿ. "ನಮ್ಮ ಹುಡುಗ, ನೋಡ್ಕೊಳ್ಳಿ" ಅನ್ನೋದು ಋಣ. ಬಾಲ್ಟಿಮೋರಿನ 200 ಸಹಿಗಳಲ್ಲಿ ಇದ್ದದ್ದು ಮೊದಲನೆಯದು, ಅದು ಸೋತಿತು. ಸ್ವಾರ್ಟ್‌ವೌಟ್‌ಗೆ ಇದ್ದದ್ದು ಎರಡನೆಯದು, ಅದು ಗೆದ್ದಿತು.

ಮುಂದಿನ ಸಲ ಜೂನಿಯರ್ ಒಬ್ಬರು ರೆಫರ್ ಮಾಡಿ ಅಂತ ಕೇಳಿದರೆ, ಅವರು ಮಾಡಿದ ಕೆಲಸ ಏನು ಅಂತ ಮೊದಲು ಕೇಳೋಣ. ಗಾಡರ್ಡ್ ಅವರ ಪತ್ರಕ್ಕೆ ಸಿಗದ ಉತ್ತರ ಅವರಿಗಾದರೂ ಸಿಗಲಿ.