ಭೂಮಿ ಹುಣ್ಣಿಮೆಯ ಅಡುಗೆ: ಗರ್ಭಿಣಿ ಗದ್ದೆಗೆ ಬಯಕೆಯ ಊಟ

ಆಶ್ವಯುಜ ಮಾಸದ ಪೌರ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆಯೆಂದೂ ಉತ್ತರ ಕರ್ನಾಟಕದವರು ಸೀಗೆ ಹುಣ್ಣಿಮೆಯೆಂದೂ ಕರೆಯುತ್ತಾರೆ. ಶರದೃತುವಿನ ಈ ಹಬ್ಬಕ್ಕೆ ದೇವಾಲಯವಾಗಲಿ ಪುರೋಹಿತನಾಗಲಿ ಅವಶ್ಯವಿಲ್ಲ. ಮನೆಯ ಒಲೆಯಲ್ಲಿ ಆರಂಭವಾಗುವ ಆಚರಣೆಯು ಗದ್ದೆಯ ಬದುವಿನಲ್ಲಿ ಮುಗಿಯುತ್ತದೆ. ವೈದಿಕ ವಿಧಿಗಳಿಗೆ ಹೊರತಾದ ಭೂಮಿಪೂಜೆಯೊಂದು ಹೇಗೆ ಉಳಿದುಬಂದಿದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಈ ಕಾಲಕ್ಕೆ ಭತ್ತದ ಪೈರು ಹೊಡೆಯಾಗಿರುತ್ತದೆ. ಅಂದರೆ ತೆನೆಯು ಇನ್ನೂ ಹೊರಬೀಳದೆ ಎಲೆಯ ಒರೆಯೊಳಗೆ ತುಂಬಿಕೊಂಡಿರುತ್ತದೆ. ಒಕ್ಕಲಿಗನ ಕಣ್ಣಿಗೆ ಅದು ಬಸಿರು. ಚೊಚ್ಚಲ ಬಸುರಿಗೆ ತವರಿನಲ್ಲಿ ಬಯಕೆಯ ಊಟವಿಕ್ಕುವ ಪದ್ಧತಿಯನ್ನೇ ಇಲ್ಲಿ ಭೂಮಿಗೆ ಅನ್ವಯಿಸಲಾಗಿದೆ. ಆದುದರಿಂದ ಈ ಅಡುಗೆಯನ್ನು ಬರಿಯ ನೈವೇದ್ಯವೆಂದು ಭಾವಿಸಿದರೆ ಅದರ ಅರ್ಥ ಕೈತಪ್ಪುತ್ತದೆ.

ಸಿದ್ಧತೆಯು ಹಲವು ದಿನ ಮೊದಲೇ ತೊಡಗುತ್ತದೆ. ಸಾಗರ, ಸೊರಬ ಮೊದಲಾದ ಕಡೆಗಳ ದೀವರ ಸ್ತ್ರೀಯರು ಬುಟ್ಟಿಗಳಿಗೆ ಸೆಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆಯುತ್ತಾರೆ. ಪುಂಡಿಯ ನಾರೇ ಅವರ ಕುಂಚ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಕಡುಬು ಮುಖ್ಯವಾದ ಭಕ್ಷ್ಯ. ಹಿತ್ತಲು, ಬೇಲಿ, ಕಾಡಂಚುಗಳಿಂದ ಆಯ್ದು ತಂದ ನಾನಾ ಸೊಪ್ಪುಗಳನ್ನು ಒಟ್ಟಿಗೆ ಬೇಯಿಸಿ ಚರಗವನ್ನು ಸಿದ್ಧಗೊಳಿಸುವರು. ನೂರೊಂದು ಬಗೆಯೆಂಬುದು ವಾಡಿಕೆಯ ಸಂಖ್ಯೆ. ಎಷ್ಟು ಬಗೆ ಸಿಕ್ಕರೂ ಅವನ್ನು ಗುರುತಿಸಬಲ್ಲ ಕಣ್ಣು ಮನೆಯ ಹಿರಿಯಳದು.

ಬೆಳಕು ಹರಿಯುವ ಮುನ್ನ ಮನೆಯ ಗಂಡಸು ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ ಸುತ್ತಲೂ ಚರಗ ಬೀರುತ್ತಾನೆ. ಪೈರಿಗೆ ಹೊಸ ಬಟ್ಟೆಯುಡಿಸಿ, ಒಡವೆಯಿಟ್ಟು ಪೂಜಿಸುತ್ತಾರೆ. ಕಾಗೆಗೂ ಇಲಿಗೂ ಪಾಲುಂಟು. ಕೆಲವೆಡೆ ಕಡುಬೊಂದನ್ನು ಗದ್ದೆಯಲ್ಲಿ ಹುಗಿದು ಕೊಯ್ಲಿನ ವೇಳೆಗೆ ತೆಗೆಯುವರು. ಬಳಿಕ ಮನೆಮಂದಿಯೆಲ್ಲ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಉತ್ತರದ ಬಯಲಿನಲ್ಲಿ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುವುದು, ಸಜ್ಜೆರೊಟ್ಟಿ ಕಡಬುಗಳ ಊಟ ಇವು ರೂಢಿ.

ಈ ದಿನದ ಆಯ್ಕೆ ಆಕಸ್ಮಿಕವಲ್ಲ. ಹೊಡೆಯ ಹಂತದಿಂದ ಹೂ ಕಳೆಯುವವರೆಗೆ ನೀರು ಕಡಿಮೆಯಾದರೆ ಕಾಳು ಜೊಳ್ಳಾಗುತ್ತದೆ. ಮುಂಗಾರು ಹಿಂದೆಗೆಯುವುದೂ ಅದೇ ಸುಮಾರಿಗೆ. ಬೆಳೆಗಾರನ ಆತಂಕ ಅತ್ಯಧಿಕವಾಗುವ ಹೊತ್ತಿಗೆ ಹಬ್ಬ ಬರುತ್ತದೆ. ಇದಲ್ಲದೆ, ಹಲವು ಹಳೆಯ ತಳಿಗಳು ಹಗಲು ಕಿರಿದಾಗುವುದನ್ನು ಅನುಸರಿಸಿ ತೆನೆಗಟ್ಟುವಂಥವು. ಬಿತ್ತನೆ ಕೆಲವು ದಿನ ಹಿಂದುಮುಂದಾದರೂ ಅವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊಡೆಯಾಗುತ್ತಿದ್ದವು. ಚಾಂದ್ರಮಾನದ ತಿಥಿ ಸರಿಯುತ್ತಿರುತ್ತದೆ ಎಂಬುದು ನಿಜ: ಈ ಹುಣ್ಣಿಮೆ 2022ರಲ್ಲಿ ಅಕ್ಟೋಬರ್ 9ರಂದು, ಅಧಿಕ ಶ್ರಾವಣವಿದ್ದ 2023ರಲ್ಲಿ ಅಕ್ಟೋಬರ್ 28ರಂದು ಬಂದಿತು. ಆದರೂ ಊರಿನ ನಾನಾ ತಳಿಗಳ ಗದ್ದೆಗಳಲ್ಲಿ ಎಲ್ಲಿಯಾದರೂ ಹೊಡೆಯೊಡೆಯದ ಪೈರು ದೊರೆಯುತ್ತಿತ್ತು. 1960ರ ದಶಕದಿಂದೀಚೆಗೆ ಬಂದ ಐ.ಆರ್. 8, ಜಯ ಮೊದಲಾದ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ತಮ್ಮ ವಯಸ್ಸಿಗೆ ತೆನೆ ಬಿಡುತ್ತವೆ. ಹೀಗಾಗಿ ಅಲ್ಪಾವಧಿಯ ತಳಿ ಹಾಕಿದ ಗದ್ದೆಯಲ್ಲಿ ಬಯಕೆಯ ಊಟ ಹೆರಿಗೆಯ ಅನಂತರ ಬಡಿಸಿದಂತಾಗಬಹುದು.

ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ಕಡುಬು ಮಾಡುವುದು ಕಷ್ಟವಲ್ಲ, ಗದ್ದೆಯನ್ನು ಒಯ್ಯಲಾಗದು. ಆದರೆ ಊರಿನ ಹಿರಿಯ ಸ್ತ್ರೀಯರು ಚರಗಕ್ಕೆ ಆಯ್ದ ಸೊಪ್ಪುಗಳ ಹೆಸರು, ಅವು ದೊರೆತ ಎಡೆ, ಬಿಡಿಸಿ ಬೇಯಿಸುವ ಕ್ರಮ ಇವನ್ನು ಕೇಳಿ ಬರೆದಿಡುವುದು ಎಲ್ಲಿದ್ದವರಿಗೂ ಸಾಧ್ಯ. ಕುಟುಂಬವೊಂದು ಇಂಥ ಪಟ್ಟಿಯನ್ನು ಮಾಡಿದಲ್ಲಿ ಆ ಊರಿನ ಸಸ್ಯಸಂಪತ್ತಿನ ದಾಖಲೆಯೂ ಉಳಿಯುತ್ತದೆ, ನಿಘಂಟಿಗೆ ಸೇರದ ಕನ್ನಡ ಶಬ್ದಗಳೂ ಉಳಿಯುತ್ತವೆ.